ಇವಿಗೆ ಹೊಸ ಟೈರ್: ಮಲೆನಾಡಿನವರು ಅಂಗಡಿಗೆ ಹೋಗುವ ಮೊದಲು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಇಲೆಕ್ಟ್ರಿಕ್ ಕಾರು ತಗೊಂಡ ಸುಮಾರು ಜನರಿಗೆ ಈಗ ಮೊದಲ ಸಲ ಟೈರ್ ಬದಲಿಸುವ ಕಾಲ ಬಂದಿದೆ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಖರ್ಚೇ ಇಲ್ಲ ಅಂತ ಆರಾಮಾಗಿದ್ದವರಿಗೆ ಇದೇ ಮೊದಲ ದೊಡ್ಡ ಬಿಲ್ಲು. ಅಂಗಡಿಗೆ ಹೋದರೆ ಒಬ್ಬರು "ಇವಿ ಟೈರೇ ಹಾಕ್ಬೇಕು ಸಾರ್" ಅನ್ನುತ್ತಾರೆ, ಪಕ್ಕದ ಅಂಗಡಿಯವರು "ಸೈಜ್ ಒಂದಿದ್ರೆ ಸಾಕು, ಯಾವ್ದಾದ್ರೂ ನಡೀತದೆ" ಅನ್ನುತ್ತಾರೆ. ಇಬ್ಬರ ಮಾತೂ ಪೂರ್ತಿ ಸರಿಯಲ್ಲ.

ನನ್ನ ಲೆಕ್ಕ ಇಷ್ಟೇ. ಮೊದಲು ಭಾರ, ಆಮೇಲೆ ಮಳೆಯಲ್ಲಿ ಹಿಡಿತ, ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಮೂರನೆಯದು. ಬಯಲುಸೀಮೆಯವರು ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿಕೊಂಡರೆ ನಡೆದೀತು. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ ರಸ್ತೆಯಲ್ಲೇ ಓಡಾಡುವ ನಮಗೆ ನಡೆಯುವುದಿಲ್ಲ.

ಬದಲಿಸುವ ಸಮಯ ಬಂದಿದೆಯಾ ನೋಡಿ

ಟೈರಿನ ಗೀರುಗಳ ಒಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಂಡು ಇರುತ್ತದೆ. ಮೇಲಿನ ಬಟನ್ ಸವೆದು ಅದರ ಮಟ್ಟಕ್ಕೆ ಬಂದರೆ ಗೀರಿನ ಆಳ 1.6 ಮಿ.ಮೀ. ಉಳಿದಿದೆ, ಟೈರ್ ಮುಗಿದಿದೆ ಅಂತ ಅರ್ಥ. ಆದರೆ ಇಲ್ಲಿ ಅಷ್ಟರವರೆಗೆ ಕಾಯಬೇಡಿ. 3 ಮಿ.ಮೀ.ಗೆ ಬಂದಾಗಲೇ ಬದಲಿಸಿ. ಗೀರು ಇರುವುದೇ ನೀರು ಹೊರಹಾಕಲಿಕ್ಕೆ. ತೋಟದ ಬಸಿಗಾಲುವೆ ಹೂಳು ತುಂಬಿದರೆ ಏನಾಗುತ್ತದೋ ಇಲ್ಲೂ ಅದೇ, ನೀರಿಗೆ ಹೋಗಲು ಜಾಗ ಇಲ್ಲದೆ ಟೈರಿನ ಅಡಿಯಲ್ಲೇ ನಿಂತುಬಿಡುತ್ತದೆ, ಕಾರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆ ಹೊತ್ತಿಗೆ ಸ್ಟೇರಿಂಗ್ ತಿರುಗಿಸಿದರೂ ಅಷ್ಟೇ, ಬ್ರೇಕ್ ಒತ್ತಿದರೂ ಅಷ್ಟೇ.

ಆಳ ಅಳೆಯುವ ಪುಟ್ಟ ಗೇಜ್ ಕಡಿಮೆ ಬೆಲೆಗೆ ಸಿಗುತ್ತದೆ, ಒಂದು ಡ್ಯಾಶ್‌ಬೋರ್ಡಲ್ಲಿ ಬಿದ್ದಿರಲಿ. ಒಂದೊಂದು ಟೈರಿನಲ್ಲೂ ಒಳಅಂಚು, ಮಧ್ಯ, ಹೊರಅಂಚು ಮೂರೂ ಕಡೆ ಅಳೆಯಿರಿ. ಒಳಅಂಚು ನಿಂತ ಕಡೆಯಿಂದ ಕಾಣುವುದಿಲ್ಲ. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಮುಂದಿನ ಚಕ್ರದ ಹಿಂಬದಿ ನೋಡಬೇಕು. ಒಂದೇ ಅಂಚು ಸವೆದಿದ್ದರೆ ಚಕ್ರಗಳ ಕೋನ, ಅಂದರೆ ಅಲೈನ್‌ಮೆಂಟ್ ಕೆಟ್ಟಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ಮಧ್ಯ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಕಾರಣ ಸರಿ ಮಾಡಿಸದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಹೋಗುತ್ತದೆ.

ಪೆಟ್ರೋಲ್ ಕಾರಿಗಿಂತ ಬೇಗ ಸವೆಯಿತಲ್ಲ ಅಂತ ಅಂಗಡಿಯವರ ಮೇಲೋ ಕಂಪನಿ ಮೇಲೋ ಸಿಟ್ಟಾಗಬೇಡಿ. ಇವಿಯಲ್ಲಿ ಬ್ಯಾಟರಿಯೇ ನೂರಾರು ಕೆ.ಜಿ. ಇರುತ್ತದೆ. ಜೊತೆಗೆ ಮೋಟರ್ ತುಳಿದ ತಕ್ಷಣ ಪೂರ್ತಿ ಎಳೆತ ಕೊಡುತ್ತದೆ. ಕಾಲು ತೆಗೆದರೆ ರೀಜೆನ್ (ಓಟದ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ತುಂಬುವ ಮೋಟರ್ ಬ್ರೇಕ್) ಅದೇ ಚಕ್ರಗಳನ್ನು ಹಿಡಿದು ನಿಧಾನ ಮಾಡುತ್ತದೆ. ನೆಕ್ಸಾನ್, ಟಿಯಾಗೋ, ಪಂಚ್, ಕಾಮೆಟ್ ಇವುಗಳ ಪೈಕಿ ಕಾಮೆಟ್ ಬಿಟ್ಟು ಉಳಿದವುಗಳಿಗೆ ಮೋಟರ್ ಮುಂದಿನ ಚಕ್ರಕ್ಕೆ, ಹಾಗಾಗಿ ಮುಂದಿನವು ಮೊದಲು ಹೋಗುತ್ತವೆ. ಮಹೀಂದ್ರದ ಬಿಇ 6, ಎಕ್ಸ್‌ಇವಿ 9ಇ ಕಾರುಗಳಲ್ಲಿ ಮೋಟರ್ ಹಿಂದಿನ ಚಕ್ರಕ್ಕೆ, ಅಲ್ಲಿ ಹಿಂದಿನವನ್ನು ಜಾಸ್ತಿ ಗಮನಿಸಬೇಕು.

ಅಂದಹಾಗೆ ಬದಲಿಸುವುದಿದ್ದರೆ ಮೃಗಶಿರ ಹಿಡಿಯುವ ಮೊದಲೇ ಬದಲಿಸಿ. ಆರಿದ್ರಾ ಮಳೆಯಲ್ಲಿ ಒಮ್ಮೆ ಜಾರಿದ ಮೇಲೆ ಎಲ್ಲರೂ ಒಟ್ಟಿಗೆ ಅಂಗಡಿಗೆ ಓಡುತ್ತಾರೆ, ಆಗ ಬೇಕಾದ ಸೈಜೂ ಇರುವುದಿಲ್ಲ, ಚೌಕಾಸಿಗೂ ಜಾಗ ಇರುವುದಿಲ್ಲ.

ಟೈರಿನ ಮೇಲೆ ಬರೆದಿರುವುದನ್ನು ಓದಿ

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಸೈಜೂ ಇರುತ್ತದೆ, ಗಾಳಿ ಎಷ್ಟಿರಬೇಕು ಅನ್ನುವುದೂ ಇರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ. ಈಗ ಹಾಕಿರುವ ಟೈರ್ ನೋಡಿ ಸೈಜ್ ಹೇಳಬೇಡಿ, ಸೆಕೆಂಡ್ ಹ್ಯಾಂಡ್ ಕಾರಾದರಂತೂ ಹಿಂದಿನವರು ಏನು ಹಾಕಿಸಿದ್ದರೋ ಯಾರಿಗೆ ಗೊತ್ತು.

ನೆಕ್ಸಾನ್ ಇವಿಯ ಸೈಜನ್ನೇ ತಗೊಳ್ಳಿ: 215/60 ಆರ್16 95ಎಚ್. ಇದರಲ್ಲಿ 215 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 60 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 60ರಷ್ಟು, ಅಂದರೆ 129 ಮಿ.ಮೀ. ಆರ್ ಅಂದರೆ ರೇಡಿಯಲ್. 16 ಅಂದರೆ ರಿಮ್ಮಿನ ಇಂಚು. ಇಷ್ಟು ಎಲ್ಲರೂ ಓದುತ್ತಾರೆ.

ಕೊನೆಯ 95ಎಚ್ ಅನ್ನು ಯಾರೂ ಓದುವುದಿಲ್ಲ, ಇವಿಗೆ ಮುಖ್ಯವಾದದ್ದು ಅದೇ. 95 ಅನ್ನುವುದು ಲೋಡ್ ಇಂಡೆಕ್ಸ್. ಅದು ಕೆ.ಜಿ. ಅಲ್ಲ, ಪಟ್ಟಿಯೊಂದರ ನಂಬರ್. 95 ಇದ್ದರೆ ಒಂದು ಟೈರ್ 690 ಕೆ.ಜಿ. ಹೊರುತ್ತದೆ. 91 ಇದ್ದರೆ 615, 99 ಇದ್ದರೆ 775. ಚಿಕ್ಕ ಕಾರುಗಳಲ್ಲಿ ಕಾಣುವ 82 ಅಂದರೆ 475 ಕೆ.ಜಿ. 95ರ ಬದಲು 91 ಹಾಕಿದರೆ ನಂಬರಿನಲ್ಲಿ ನಾಲ್ಕೇ ನಾಲ್ಕು ವ್ಯತ್ಯಾಸ ಕಂಡರೂ ಒಂದು ಟೈರಿಗೆ 75 ಕೆ.ಜಿ. ಕಡಿಮೆಯಾಯಿತು, ನಾಲ್ಕಕ್ಕೆ ಸೇರಿಸಿ ನೋಡಿ. ಮನೆಮಂದಿಯೆಲ್ಲ ಕೂತು, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆಯೋ ಅಕ್ಕಿ ಚೀಲವೋ ಹಾಕಿಕೊಂಡು ಹೊರಟಾಗ ಈ ಲೆಕ್ಕ ಎದುರಿಗೆ ಬರುತ್ತದೆ. ಸ್ಟಿಕ್ಕರಿನಲ್ಲೋ ಮ್ಯಾನ್ಯುಯಲ್‌ನಲ್ಲೋ ಹೇಳಿದ ಲೋಡ್ ಇಂಡೆಕ್ಸ್‌ಗಿಂತ ಕಡಿಮೆಯದನ್ನು, ಎಷ್ಟೇ ಡಿಸ್ಕೌಂಟ್ ಕೊಟ್ಟರೂ ತಗೊಳ್ಳಬೇಡಿ. ಜಾಸ್ತಿ ಇದ್ದರೆ ತೊಂದರೆ ಇಲ್ಲ. ಅದೇ ಸೈಜಿನಲ್ಲಿ ಎಕ್ಸ್‌ಎಲ್ ಅಂತ ಬರೆದ ಗಟ್ಟಿ ಟೈರೂ ಬರುತ್ತದೆ, ಭಾರದ ಕಾರಿಗೆ ಒಳ್ಳೆಯದೇ, ಸ್ವಲ್ಪ ಗಡಸು ಅನ್ನಿಸಬಹುದು ಅಷ್ಟೆ.

ಕೊನೆಯ ಅಕ್ಷರ ವೇಗದ್ದು. ಟಿ ಅಂದರೆ ಗಂಟೆಗೆ 190 ಕಿ.ಮೀ., ಎಚ್ 210, ವಿ 240. ಸಾಗರ ರಸ್ತೆಯಲ್ಲಿ ಯಾರೂ ಅಷ್ಟು ಓಡಿಸುವುದಿಲ್ಲ, ಓಡಿಸಲೂಬಾರದು. ಆದರೂ ಕಂಪನಿ ಹೇಳಿದ್ದಕ್ಕಿಂತ ಕೆಳಗಿನ ಅಕ್ಷರಕ್ಕೆ ಇಳಿಯಬೇಡಿ.

ಅಗಲದ ಟೈರು, ದೊಡ್ಡ ಅಲಾಯ್: ಸ್ವಲ್ಪ ತಡೀರಿ

"ಒಂದು ಸೈಜ್ ಜಾಸ್ತಿ ಹಾಕ್ಸಿ ಸಾರ್, ಲುಕ್ಕೇ ಬೇರೆ ಆಗ್ತದೆ." ಈ ಮಾತು ಪ್ರತಿ ಅಂಗಡಿಯಲ್ಲೂ ಬರುತ್ತದೆ. ಲುಕ್ ಬರುವುದು ನಿಜ.

ಬೇರೆ ಸೈಜ್ ಹಾಕಲೇಬೇಕಿದ್ದರೆ ಚಕ್ರದ ಒಟ್ಟು ಎತ್ತರ ಹಳೆಯದಕ್ಕೆ ಹತ್ತಿರ ಇರಬೇಕು. ಲೆಕ್ಕ ಸುಲಭ: ಗೋಡೆಯ ಎತ್ತರದ ಎರಡರಷ್ಟಕ್ಕೆ ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿ. 215/60 ಆರ್16ಕ್ಕೆ 664 ಮಿ.ಮೀ. ಬರುತ್ತದೆ. 215/55 ಆರ್17ಕ್ಕೆ 668, ಅಂದರೆ ಹೆಚ್ಚುಕಡಿಮೆ ಒಂದೇ. ಆದರೆ 16 ಇಂಚಿನ ರಿಮ್ಮಿಗೇ 215/55 ಹಾಕಿದರೆ 643ಕ್ಕೆ ಇಳಿಯಿತು, ಶೇ. 3ಕ್ಕಿಂತ ಜಾಸ್ತಿ ವ್ಯತ್ಯಾಸ. ಶೇ. 3 ದಾಟಿದರೆ ಬೇಡ. ಸ್ಪೀಡೋಮೀಟರೂ ಸುಳ್ಳು ಹೇಳುತ್ತದೆ, ಕಿ.ಮೀ. ಲೆಕ್ಕವೂ ತಪ್ಪುತ್ತದೆ, ಅದರ ಮೇಲೆ ನಿಂತಿರುವ ರೇಂಜ್ ಲೆಕ್ಕವೂ ತಪ್ಪುತ್ತದೆ.

ಎತ್ತರ ಸರಿ ಬಂತು ಅಂತ 17ಕ್ಕೆ ಹೋದರೆ ಗೋಡೆ 129ರಿಂದ 118 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ರಿಮ್ಮನ್ನು ಕಾಪಾಡುವುದು ಆ ಗೋಡೆಯೇ. ಜುಲೈನಲ್ಲಿ ನಮ್ಮ ರಸ್ತೆಯಲ್ಲಿ ಗುಂಡಿ ಯಾವುದು, ನೀರು ನಿಂತದ್ದು ಯಾವುದು ಅಂತ ಗೊತ್ತಾಗುವುದೇ ಇಲ್ಲವಲ್ಲ. ಕಾರಿನ ಭಾರ ಜಾಸ್ತಿ, ಗೋಡೆ ಗಿಡ್ಡ. ರಿಮ್ ಬಾಗುವುದು, ಗೋಡೆ ಉಬ್ಬುವುದು ಆಮೇಲಿನ ಕಥೆ. ಅಗಲದ ಟೈರ್ ಉರುಳಲಿಕ್ಕೂ ಜಾಸ್ತಿ ಶಕ್ತಿ ತಿನ್ನುತ್ತದೆ, ನಿಂತ ನೀರಿನಲ್ಲಿ ತೇಲುವುದೂ ಬೇಗ. ಒಟ್ಟಿನಲ್ಲಿ ಮಲೆನಾಡಿನಲ್ಲಿ ಇವಿ ಇಟ್ಟುಕೊಂಡವರು ಕಂಪನಿ ಕೊಟ್ಟ ಸೈಜಲ್ಲೇ ಇರುವುದು ವಾಸಿ.

ಇಷ್ಟು ಹೇಳಿದರೂ ಅಲಾಯ್ ಆಸೆ ಬಿಡದವರು ಇರುತ್ತಾರೆ. ಅವರು ನೋಡಬೇಕಾದ್ದು ಇಷ್ಟು. ಪಿಸಿಡಿ ಅಂದರೆ ನಟ್ಟುಗಳ ಸಂಖ್ಯೆ ಮತ್ತು ಅವು ಕೂತ ವೃತ್ತದ ಅಳತೆ, 4x100 ಅಥವಾ 5x114.3 ಅಂತ ಬರೆದಿರುತ್ತದೆ. ಇದರಲ್ಲಿ ಹತ್ತಿರ ಇದೆ, ಹೊಂದುತ್ತದೆ ಅನ್ನುವ ಮಾತೇ ಇಲ್ಲ. ಮಧ್ಯದ ತೂತು ಕಾರಿನ ಹಬ್ಬಿಗೆ (ಚಕ್ರ ಕೂರುವ ನಡುಭಾಗಕ್ಕೆ) ಬಿಗಿಯಾಗಿ ಕೂರಬೇಕು. ದೊಡ್ಡದಾದರೆ ಸರಿಯಾದ ಅಳತೆಯ ರಿಂಗ್ ಹಾಕಿಸಿ, ಇಲ್ಲದಿದ್ದರೆ ಸ್ಟೇರಿಂಗ್ ನಡುಗುತ್ತದೆ. ನಟ್ಟಿನ ತುದಿ ಕೋನಾಕಾರವೋ ಗುಂಡಗೋ ನೋಡಿ, ರಿಮ್ಮಿನ ಕುಳಿಗೆ ಅದು ಹೊಂದಬೇಕು. ಆಮೇಲೆ ಆಫ್‌ಸೆಟ್. ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ತಾಗುವ ಮುಖದವರೆಗಿನ ಅಂತರ, ಮಿ.ಮೀ.ನಲ್ಲಿ; ರಿಮ್ಮಿನಲ್ಲಿ ಇಟಿ 45 ಅಂತ ಬರೆದಿರುತ್ತದೆ. ಅಷ್ಟೇ ಅಗಲದ ರಿಮ್ಮಿನಲ್ಲಿ 45ರ ಬದಲು 35 ಹಾಕಿದರೆ ಚಕ್ರ 10 ಮಿ.ಮೀ. ಹೊರಗೆ ಬರುತ್ತದೆ. ನೋಡಲು ಚೆಂದ, ಆದರೆ ಬೇರಿಂಗಿಗೆ ಹೊರೆ, ತುಂಬಿದ ಕಾರು ತಿರುವಿನಲ್ಲಿ ಕೂತಾಗ ಫೆಂಡರಿಗೆ ಉಜ್ಜುವ ಸಂಭವವೂ ಉಂಟು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಅದನ್ನು ಕಂಡುಹಿಡಿಯುವ ಬದಲು ಅಂಗಡಿ ಅಂಗಳದಲ್ಲೇ ನಾಲ್ಕು ಜನ ಕೂತು, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಒಂದು ಹಂಪ್ ಹತ್ತಿಸಿ ನೋಡಿ.

ಇನ್ನೊಂದು, ಅಲಾಯ್‌ಗೂ ಭಾರದ ಮಿತಿ ಇರುತ್ತದೆ. ಒಳಬದಿಯಲ್ಲಿ ಮ್ಯಾಕ್ಸ್ ಲೋಡ್ ಅಂತ ಕೆ.ಜಿ.ಯಲ್ಲಿ ಅಚ್ಚು ಹಾಕಿರುತ್ತಾರೆ. ಏನೂ ಬರೆದಿಲ್ಲದ ರಿಮ್ ಕೈಗೆ ಕೊಟ್ಟರೆ ಅಲ್ಲೇ ಇಟ್ಟು ಬನ್ನಿ.

ಯಾವ ಟೈರ್ ಅನ್ನುವ ಪ್ರಶ್ನೆ

ಸೈಜ್, ಲೋಡ್ ಇಂಡೆಕ್ಸ್ ಸರಿಯಿರುವ ಮೂರು ನಾಲ್ಕು ಮಾಡೆಲ್ ಸಿಕ್ಕವು ಅಂತಿಟ್ಟುಕೊಳ್ಳಿ. ಇವಿಗೆ ಅಂತಲೇ ಮಾಡಿದ ಟೈರುಗಳು ನಮ್ಮಲ್ಲೂ ಬಂದಿವೆ, ಅಪೋಲೋದ ಆಂಪೀರಿಯನ್, ಸಿಯೆಟ್‌ನ ಎನರ್ಜಿಡ್ರೈವ್ ಹೀಗೆ. ಇವು ಹಗುರವಾಗಿ ಉರುಳುವಂತೆ, ಸದ್ದು ಕಡಿಮೆಯಾಗುವಂತೆ ಮಾಡಿದವು. ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಟೈರಿನ ಗುಂಯ್ ಅನ್ನುವ ಸದ್ದು ಎದ್ದು ಕೇಳುತ್ತದೆ, ನಿಜ. ಆದರೆ ಇವಿ ಅಂತ ಬರೆದ ಟೈರೇ ಹಾಕಬೇಕು ಅನ್ನುವ ಕಾನೂನೇನೂ ಇಲ್ಲ. ಭಾರಕ್ಕೆ ಹೊಂದುವ, ಒದ್ದೆಯಲ್ಲಿ ಚೆನ್ನಾಗಿ ನಿಲ್ಲುವ ಸಾಮಾನ್ಯ ಟೈರೂ ಆಗುತ್ತದೆ.

ಒದ್ದೆ ಹಿಡಿತ ತಿಳಿಯುವುದು ಹೇಗೆ? ತುಂಬಾ ಟೈರುಗಳ ಗೋಡೆಯ ಮೇಲೆ ಟ್ರೆಡ್‌ವೇರ್, ಟ್ರ್ಯಾಕ್ಷನ್, ಟೆಂಪರೇಚರ್ ಅಂತ ಮೂರು ಸಾಲು ಇರುತ್ತದೆ. ಟ್ರ್ಯಾಕ್ಷನ್ ಅನ್ನುವುದು ಒದ್ದೆ ರಸ್ತೆಯಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತ. ಎಎ ಎಲ್ಲಕ್ಕಿಂತ ಒಳ್ಳೆಯದು, ಆಮೇಲೆ ಎ, ಬಿ, ಸಿ. ಕನಿಷ್ಠ ಎ ಇರಲಿ. ಟ್ರೆಡ್‌ವೇರ್ ನಂಬರ್ ಜಾಸ್ತಿ ಇದ್ದಷ್ಟೂ ಬಾಳಿಕೆ ಜಾಸ್ತಿ ಅಂತ ಲೆಕ್ಕ, ಆದರೆ ಅದು ಕಂಪನಿಯವರೇ ಕೊಟ್ಟುಕೊಂಡ ನಂಬರ್, ಒಂದು ಕಂಪನಿಯದನ್ನು ಇನ್ನೊಂದರ ಜೊತೆ ಹೋಲಿಸಿದರೆ ಪೂರ್ತಿ ನಂಬಲಾಗದು. "ಗಟ್ಟಿ ರಬ್ಬರ್ ಸಾರ್, ಸವೆಯೋದೇ ಇಲ್ಲ" ಅಂತ ಹೊಗಳಿದರೆ ನಾನಂತೂ ಹಿಂದೆ ಸರಿಯುತ್ತೇನೆ. ಸವೆಯದ ಗಟ್ಟಿ ರಬ್ಬರ್ ಸಾಮಾನ್ಯವಾಗಿ ಒದ್ದೆಯಲ್ಲಿ ಜಾರುತ್ತದೆ. ಪಾಚಿ ಹಿಡಿದ ಹುಲಿಕಲ್ ಘಾಟಿಯ ತಿರುವಿನಲ್ಲಿ, ಮೇಲಿಂದ ಎಲೆ ಉದುರಿ ರಸ್ತೆಗೆ ಅಂಟಿಕೊಂಡಿರುವಾಗ, ಇನ್ನೂ ಹತ್ತು ಸಾವಿರ ಕಿ.ಮೀ. ಬಾಳುತ್ತದೆ ಅನ್ನುವುದು ಯಾವ ಸಮಾಧಾನ?

ರೇಂಜ್ ವಿಷಯ. ಹಗುರವಾಗಿ ಉರುಳದ ಟೈರ್ ಹಾಕಿದರೆ ರೇಂಜ್ ಕಡಿಮೆಯಾಗುವುದು ಹೌದು. ಕೆಲವು ಟೈರಿಗೆ ಬಿಇಇ (ಕೇಂದ್ರದ ಇಂಧನ ದಕ್ಷತೆ ಸಂಸ್ಥೆ) ಸ್ಟಾರ್ ಲೇಬಲ್ ಇರುತ್ತದೆ, ಫ್ರಿಜ್ಜಿಗೆ ಇರುವಂಥದ್ದೇ. ಒದ್ದೆ ಹಿಡಿತ ಸಮನಾಗಿರುವ ಎರಡು ಟೈರಿದ್ದರೆ ಆಗ ಸ್ಟಾರ್ ನೋಡಿ ಆರಿಸಿ. ಅದಕ್ಕಿಂತ ಮೊದಲು ಬೇಡ.

ಮನೆಗೆ ಕೊನೆಯ ಅರ್ಧ ಕಿ.ಮೀ. ಕೆಂಪುಮಣ್ಣಿನ ದಾರಿ ಅಂತ ಪೂರ್ತಿ ಆಲ್-ಟೆರೈನ್ ಟೈರ್ ಹಾಕಿಸುವವರಿದ್ದಾರೆ. ಉಳಿದ ಎಲ್ಲಾ ಕಿ.ಮೀ.ಗೂ ಸದ್ದು, ರೇಂಜ್ ನಷ್ಟ ಎರಡೂ ಅನುಭವಿಸಬೇಕು. ಆ ದುಡ್ಡಲ್ಲಿ ದಾರಿಗೆ ಎರಡು ಲೋಡ್ ಜಲ್ಲಿ ಹಾಕಿಸುವುದು ಮೇಲು.

ಎರಡೋ ನಾಲ್ಕೋ

ನಾಲ್ಕೂ ಒಟ್ಟಿಗೆ ಬದಲಿಸಿದರೆ ಒಳ್ಳೆಯದು. ಎರಡೇ ಅಂತಾದರೆ ಹೊಸವು ಹಿಂದಿನ ಚಕ್ರಕ್ಕೆ ಹೋಗಬೇಕು, ಮೋಟರ್ ಮುಂದಿದ್ದರೂ. ಅಂಗಡಿಯವರು ಇದನ್ನು ಒಪ್ಪುವುದು ಕಷ್ಟ, ಆದರೂ ಬಿಡಬೇಡಿ. ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ, ಕಾಲು ತೆಗೆದು ನಿಧಾನ ಮಾಡಿಕೊಂಡರೆ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ. ಅದನ್ನು ಸರಿಮಾಡಿಕೊಳ್ಳುವಷ್ಟು ಅಗಲ ನಮ್ಮ ರಸ್ತೆಗಳಿಗಿಲ್ಲ. ಒಂದೇ ಆಕ್ಸಲ್ಲಿನಲ್ಲಿ ಎರಡು ಬೇರೆ ಮಾಡೆಲ್ ಟೈರ್ ಮಾತ್ರ ಬೇಡವೇ ಬೇಡ.

ಅಂಗಡಿಯಲ್ಲಿ ನಿಂತು ನೋಡಬೇಕಾದ್ದು

ಚಹಾ ಕುಡಿಯಲು ಹೋಗಬೇಡಿ, ಪಕ್ಕದಲ್ಲೇ ನಿಂತಿರಿ. ಟೈರ್ ಕೂರಿಸುವ ಮೊದಲೇ ತಯಾರಾದ ತಾರೀಕು ನೋಡಿ. ಡಾಟ್ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 1825 ಅಂದರೆ 2025ರ 18ನೇ ವಾರ. ಈ ನಾಲ್ಕು ಅಂಕಿ ಕೆಲವು ಟೈರುಗಳಲ್ಲಿ ಒಂದೇ ಬದಿಯಲ್ಲಿರುತ್ತದೆ, ಕೂರಿಸಿದ ಮೇಲೆ ಅದು ಒಳಗೆ ಹೋದರೆ ಕಾಣುವುದಿಲ್ಲ. ಎರಡು ವರ್ಷ ಗೋಡೌನಿನಲ್ಲಿ ಕೂತ ಟೈರಿಗೆ ಪೂರ್ತಿ ಬೆಲೆ ಕೊಡಬೇಡಿ. ಐಎಸ್ಐ ಗುರುತೂ ಇರಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಕಾರು ಎತ್ತುವುದು. ಇವಿಯ ಹೊಟ್ಟೆಯಡಿ ಪೂರ್ತಿ ಬ್ಯಾಟರಿ ಇರುತ್ತದೆ. ಬಗ್ಗಿ ನೋಡಿದರೆ ಚಪ್ಪಟೆ ತಟ್ಟೆ ಹಾಗೆ ಕಾಣುವುದೇ ಅದರ ಪೆಟ್ಟಿಗೆ. ದಿನಾ ಪೆಟ್ರೋಲ್ ಕಾರು ಎತ್ತುವ ಹುಡುಗ ಟ್ರಾಲಿ ಜಾಕನ್ನು ಅಭ್ಯಾಸಬಲದಿಂದ ಸ್ವಲ್ಪ ಒಳಗೆ ತಳ್ಳಿಬಿಡಬಹುದು. ಜಾಕ್ ತಲೆ ಆ ಪೆಟ್ಟಿಗೆಗೆ ತಾಗಿದರೆ ಟೈರ್ ಖರ್ಚಿನ ಮಾತು ಮರೆತುಬಿಡಿ. ಮ್ಯಾನ್ಯುಯಲ್‌ನಲ್ಲಿ ಜಾಕ್ ಇಡುವ ಜಾಗದ ಚಿತ್ರ ಇರುತ್ತದೆ, ಬಾಗಿಲಿನ ಕೆಳಗಿನ ಅಂಚಿನಲ್ಲಿ, ಮುಂದೆ ಎರಡು, ಹಿಂದೆ ಎರಡು. ಆ ಪುಟ ಮೊಬೈಲಲ್ಲಿ ತೋರಿಸಿ. "ತಮ್ಮಾ, ಇದು ಬ್ಯಾಟರಿ ಗಾಡಿ, ಇಲ್ಲೇ ಇಡಬೇಕು" ಅಂತ ಬೆರಳಿಟ್ಟು ಹೇಳಿ. ಜಾಕಿನ ತಲೆಗೆ ರಬ್ಬರ್ ಪ್ಯಾಡ್ ಇದೆಯಾ ನೋಡಿ. ಎರಡು ಕಂಬದ ಲಿಫ್ಟ್ ಆದರೆ ನಾಲ್ಕೂ ತೋಳು ಸರಿಯಾದ ಜಾಗಕ್ಕೆ ಬಂದ ಮೇಲೆ ಅರ್ಧ ಅಡಿ ಎತ್ತಿಸಿ, ನಿಲ್ಲಿಸಿ, ಒಂದು ಸುತ್ತು ಬಗ್ಗಿ ನೋಡಿ, ಆಮೇಲೆ ಪೂರ್ತಿ ಎತ್ತಲಿ. ಯಾರಾದರೂ ನಕ್ಕರೆ ನಗಲಿ.

ಕಾರಿಗೆ ಟಿಪಿಎಂಎಸ್ (ಟೈರಿನ ಗಾಳಿ ಕಡಿಮೆಯಾದರೆ ತಿಳಿಸುವ ವ್ಯವಸ್ಥೆ) ಇದ್ದರೆ ಸೆನ್ಸರ್ ವಾಲ್ವಿನ ಬುಡದಲ್ಲೇ ರಿಮ್ಮಿನ ಒಳಗೆ ಕೂತಿರುವುದುಂಟು. ಟೈರ್ ಬಿಚ್ಚುವ ಮೊದಲೇ ಹೇಳಿಬಿಡಿ, ಮಷೀನಿನ ತುದಿ ತಗುಲಿದರೆ ಅದು ಮುರಿಯುತ್ತದೆ. ಟೈರಿನ ಗೋಡೆ ಮೇಲೆ ಬಾಣದ ಗುರುತಿದ್ದರೆ ತಿರುಗುವ ದಿಕ್ಕಿಗೆ, ಔಟ್‌ಸೈಡ್ ಅಂತ ಬರೆದಿದ್ದರೆ ಆ ಬದಿ ಹೊರಗೆ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಆಗಬೇಕು, ಅಲೈನ್‌ಮೆಂಟಿನ ಪ್ರಿಂಟ್ ಕೇಳಿ ಇಸ್ಕೊಳ್ಳಿ.

ನಟ್ಟುಗಳನ್ನು ಗನ್ನಿನಲ್ಲೇ ಕಟಕಟ ಅಂತ ಬಿಗಿದು ಬಿಡುವುದು ಎಲ್ಲ ಕಡೆ ರೂಢಿ. ಗನ್ನಿನಲ್ಲಿ ಹಗುರವಾಗಿ ಕೂರಿಸಿ, ಕಾರು ಇಳಿಸಿದ ಮೇಲೆ ಟಾರ್ಕ್ ರೆಂಚಿನಲ್ಲಿ, ಮ್ಯಾನ್ಯುಯಲ್ ಹೇಳಿದಷ್ಟೇ, ಎದುರುಬದುರು ನಟ್ಟುಗಳನ್ನು ಬಿಗಿಯಬೇಕು. ಜಾಸ್ತಿ ಬಿಗಿದರೆ ಆಪತ್ತು ಏನು ಅಂದರೆ ದಾರಿಯಲ್ಲಿ ಪಂಚರ್ ಆದಾಗ ವೀಲ್ ಪಾನಾದ ಮೇಲೆ ಹತ್ತಿ ನಿಂತರೂ ನಟ್ಟು ಅಲ್ಲಾಡುವುದಿಲ್ಲ.

ಹಾಕಿಸಿದ ಮೇಲೆ

ಹೊಸ ಟೈರಿನ ಮೇಲ್ಮೈ ಸ್ವಲ್ಪ ನುಣುಪಾಗಿರುತ್ತದೆ. ಮೊದಲ ಒಂದಿನ್ನೂರು ಕಿ.ಮೀ. ಮೆಲ್ಲಗೆ ಓಡಿಸಿ, ಹಾಕಿಸಿದ ದಿನವೇ ಮಳೆಯಲ್ಲಿ ಘಾಟಿ ಇಳಿಯುವ ಸಾಹಸ ಬೇಡ. 50ರಿಂದ 100 ಕಿ.ಮೀ. ಆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಿಸಿ.

ರೇಂಜ್ ಕಡಿಮೆ ತೋರಿಸಿದರೆ ಗಾಬರಿಯಾಗಬೇಡಿ. ಬಟನ್ ಪೂರ್ತಿ ಆಳ ಇರುವ ಹೊಸ ಟೈರು ಸವೆದ ಟೈರಿಗಿಂತ ಭಾರವಾಗಿಯೇ ಉರುಳುತ್ತದೆ, ಮಾಡೆಲ್ ಅದೇ ಆದರೂ. ಅಂಗಡಿಯಲ್ಲಿ ಗಾಳಿ ಎಷ್ಟು ಬಿಟ್ಟಿದ್ದಾರೆ ಅಂತ ಮಾತ್ರ ಮಾರನೇ ದಿನ ಬೆಳಿಗ್ಗೆ, ಕಾರು ಓಡಿಸುವ ಮೊದಲೇ, ಸ್ಟಿಕ್ಕರ್ ನೋಡಿ ಅಳೆಯಿರಿ. ಚಳಿ ಬಿದ್ದಾಗಲೂ ಇದನ್ನು ಮಾಡಬೇಕು, ಐದಾರು ಡಿಗ್ರಿ ತಂಪಾದರೆ ಸುಮಾರು 1 ಪಿಎಸ್ಐ ಇಳಿಯುತ್ತದೆ. ನೈಟ್ರೋಜನ್ನೇ ಬೇಕು ಅಂತೇನಿಲ್ಲ, ಮಾಮೂಲಿ ಗಾಳಿಯನ್ನೇ ತಿಂಗಳಿಗೆರಡು ಸಲ ನೋಡಿಕೊಂಡರೆ ಸಾಕು. ಎಂಟ್ಹತ್ತು ಸಾವಿರ ಕಿ.ಮೀ.ಗೊಮ್ಮೆ ಮುಂದಿನ ಹಿಂದಿನ ಚಕ್ರ ಅದಲುಬದಲು ಮಾಡಿಸಿದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ.

ಒದ್ದೆ ಘಾಟಿಯಲ್ಲಿ ರೀಜೆನ್ ಅನ್ನು ಪೂರ್ತಿ ಜೋರಿಗೆ ಇಡಬೇಡಿ. ತಿರುವಿನ ಮಧ್ಯೆ ಥಟ್ಟನೆ ಕಾಲು ತೆಗೆದರೆ ಬರೀ ಎರಡೇ ಚಕ್ರಕ್ಕೆ ಬ್ರೇಕ್ ಹಾಕಿದಂತಾಗುತ್ತದೆ. ಮಧ್ಯದ ಲೆವೆಲ್ಲಿಗೆ ಇಟ್ಟು ಕಾಲನ್ನು ನಿಧಾನಕ್ಕೆ ತೆಗೆಯಿರಿ. ಬ್ಯಾಟರಿ ಪೂರ್ತಿ ತುಂಬಿದ್ದಾಗ ರೀಜೆನ್ ಸರಿಯಾಗಿ ಹಿಡಿಯುವುದಿಲ್ಲ ಅನ್ನುವುದೂ ನೆನಪಿರಲಿ, ಆಗ ಇಳಿಜಾರಿನಲ್ಲಿ ಕೆಲಸ ಬ್ರೇಕಿಗೇ.

ಕೊನೆಯದಾಗಿ ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯಾ ನೋಡಿ. 2020ರಲ್ಲಿ ಕೇಂದ್ರದ ನಿಯಮ ಬದಲಾದ ಮೇಲೆ, ಟ್ಯೂಬ್‌ಲೆಸ್ ಟೈರ್, ಟಿಪಿಎಂಎಸ್, ಪಂಚರ್ ಕಿಟ್ ಮೂರೂ ಕೊಟ್ಟರೆ ಸ್ಟೆಪ್ನಿ ಕೊಡದೆಯೂ ಕಾರು ಮಾರಬಹುದು, ಹಾಗಾಗಿ ಕೆಲವು ಇವಿಗಳಲ್ಲಿ ಅದು ಇಲ್ಲವೇ ಇಲ್ಲ. ಕಿಟ್ಟಿನಲ್ಲಿರುವ ಅಂಟಿನ ದ್ರವ ಮೊಳೆ ಚುಚ್ಚಿದ ಸಣ್ಣ ತೂತಿಗೆ ಆಗುತ್ತದೆ, ಕಲ್ಲಿಗೆ ತಾಗಿ ಗೋಡೆ ಹರಿದರೆ ಆಗುವುದಿಲ್ಲ. ನಗರ (ಬಿದನೂರು), ಹೊಸನಗರದ ಆಚೆ ಕಾಡಿನ ರಸ್ತೆಯಲ್ಲಿ ಓಡಾಡುವವರು ಹೊಂದುವ ರಿಮ್ಮಿನಲ್ಲಿ ಒಂದು ಸ್ಟೆಪ್ನಿ, ಜಾಕು, ಪಾನಾ ಇಟ್ಟುಕೊಳ್ಳುವುದೇ ಸರಿ. ಮಳೆಗಾಲವಾದರೆ ಜೊತೆಗೆ ಒಂದು ಪೊಟ್ಟಣ ಉಪ್ಪು, ಚಕ್ರ ಬಿಚ್ಚಿ ಹಾಕುವಷ್ಟರಲ್ಲಿ ಉಂಬಳ (ಜಿಗಣೆ) ಕಾಲಿಗೆ ಹತ್ತಿರುತ್ತದೆ. ಕಿಟ್ಟನ್ನೇ ನಂಬಿಕೊಂಡವರು ಅಂಟಿನ ಬಾಟಲಿಯ ಮೇಲಿನ ಎಕ್ಸ್‌ಪೈರಿ ತಾರೀಕನ್ನು ಇವತ್ತೇ ನೋಡಿ, ಮುಗಿದಿದ್ದರೆ ಟೈರ್ ಅಂಗಡಿಯಲ್ಲೇ ಹೊಸದು ಕೇಳಿ.